35 ಅಂದರೆ 35 ಅಲ್ಲ

ಇಂಗ್ಲೆಂಡಿನ 1851ರ ಜನಗಣತಿ ಪುಸ್ತಕದಲ್ಲಿ, ಲಂಡನ್ನಿನ ಸೋಹೊದ 28, ಡೀನ್ ಸ್ಟ್ರೀಟ್ ಮನೆಯಲ್ಲಿ ‘ಚಾರ್ಲ್ಸ್ ಮಾರ್ಕ್’ ಅಂತ ಒಬ್ಬರಿದ್ದಾರೆ. ಯಾರು ಗೊತ್ತಾ? ಕಾರ್ಲ್ ಮಾರ್ಕ್ಸ್! ಹಳೇ ಗಣತಿಯಲ್ಲಿ ಪೂರ್ವಜರನ್ನು ಹುಡುಕುವಾಗ, ಹೆಸರಿನ ಒಂದಕ್ಷರ ಹೊಂದಲಿಲ್ಲ ಅಂತ ‘ಇವರು ನಮ್ಮ ಮುತ್ತಜ್ಜ ಅಲ್ಲ’ ಎಂದು ಪುಟ ಮಗುಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಹೆಳವರು ವಂಶಾವಳಿ ಹೇಳುವಾಗ ಕಾಗುಣಿತ ಯಾರು ಕೇಳ್ತಾರೆ?

ಗಣತಿಗೆ ಗೊತ್ತುಮಾಡಿದ ಭಾನುವಾರ ರಾತ್ರಿ ಮನೆಯಲ್ಲಿ ಮಲಗಿದ್ದವರ ವಿವರವನ್ನು ಯಜಮಾನ ಫಾರಂನಲ್ಲಿ ತುಂಬಬೇಕಿತ್ತು. ಬರೆಯಲು ಬಾರದಿದ್ದರೆ ಗಣತಿಗೆ ಬಂದವನೇ ಕೇಳಿ ಬರೆದುಕೊಳ್ಳುತ್ತಿದ್ದ. ಆಮೇಲೆ ಎಲ್ಲವನ್ನೂ ಪುಸ್ತಕಕ್ಕೆ ನಕಲು ಮಾಡುತ್ತಿದ್ದ. ಇವತ್ತು ನಮಗೆ ಸಿಗುವುದು ಈ ನಕಲು. ಮನೆಮನೆಯ ಫಾರಂಗಳು ಹೆಚ್ಚುಕಮ್ಮಿ ಎಲ್ಲವೂ ಹೋಗಿವೆ.

ನಿಜವಾದ ಮಜಾ ಇರುವುದು ವಯಸ್ಸಿನಲ್ಲಿ. 1841ರಲ್ಲಿ, 15 ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಿರಿ ಎಂದು ಸೂಚನೆ ಇತ್ತು. 39 ಆಗಿದ್ದರೂ 35. ಅಂಗಡಿಯವನು ಚಿಲ್ಲರೆ ಬಿಟ್ಟು ಲೆಕ್ಕ ಬರೆದ ಹಾಗೆ. ಕೆಲವರು ಈ ಸೂಚನೆ ಪಾಲಿಸಲಿಲ್ಲ, ಅದು ಇನ್ನೊಂದು ತಲೆನೋವು.

ಒಬ್ಬ ಹೆಂಗಸಿಗೆ 35 ಅಂತ ಬರೆದಿದೆ ಎಂದಿಟ್ಟುಕೊಳ್ಳಿ. ಗಣತಿ ನಡೆದದ್ದು 1841ರ ಜೂನ್ 6. ಹಾಗಾದರೆ ಆಕೆ ಹುಟ್ಟಿದ್ದು 1801ರ ಜೂನ್‌ನಿಂದ 1806ರ ಜೂನ್ ಒಳಗೆ. ಇದು ದೊಡ್ಡ ಕಣ್ಣಿನ ಜರಡಿ. ಮುಂದಿನ ಗಣತಿ ನಡೆದ 1851ರ ಮಾರ್ಚ್ 30ಕ್ಕೆ ಆಕೆಗೆ 46. ಈಗ ಸಣ್ಣ ಜರಡಿ: ಹುಟ್ಟು 1804ರ ಮಾರ್ಚ್ ಕೊನೆಯಿಂದ ಒಂದೇ ವರ್ಷದೊಳಗೆ. ಐದು ವರ್ಷದ ಹೊಟ್ಟು ಹಾರಿ ಒಂದು ವರ್ಷ ಉಳಿಯಿತು! ಆದರೆ 1861ರಲ್ಲಿ ಆಕೆ 53 ಅಂತಾಳೆ. ಹತ್ತು ವರ್ಷದಲ್ಲಿ ಏಳೇ ವರ್ಷ ವಯಸ್ಸಾಯಿತಾ? ಸುಮ್ನೆ ಹೇಳಿದಳೋ, ಗೊತ್ತೇ ಇರಲಿಲ್ಲವೋ. ಇಂಥವು ಜಾಸ್ತಿ. ಆಗ ಹುಟ್ಟೂರಿನ ಕಾಲಂ ನೋಡಬೇಕು. 1851ರಿಂದ ಅದರಲ್ಲಿ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶದ ಹೆಸರೂ ಇರುತ್ತದೆ. ಆ ಚರ್ಚಿನ ದೀಕ್ಷಾಸ್ನಾನದ ದಾಖಲೆ ಸಾಮಾನ್ಯವಾಗಿ ಮಗುವಾಗಿದ್ದಾಗಲೇ ಬರೆದದ್ದು. ನಾನಾದರೆ ಅದನ್ನೇ ನಂಬುತ್ತೇನೆ.

ಗಣತಿಯ ಮೇಲೆ ಚಾರ್ಲ್ಸ್ ಡಾರ್ವಿನ್‌ಗೂ ಕಣ್ಣಿತ್ತು. ಅವರು ಮದುವೆಯಾದದ್ದು ಸೋದರಮಾವನ ಮಗಳು ಎಮ್ಮಾಳನ್ನು, ನಮ್ಮ ಕಡೆಯವರ ಹಾಗೇ. ಇಂಥ ಮದುವೆಯಿಂದ ಮಕ್ಕಳ ಆರೋಗ್ಯ ಕೆಡುತ್ತದಾ ಎಂಬ ಚಿಂತೆ ಅವರಿಗೆ. 1871ರ ಗಣತಿಯಲ್ಲಿ ಸೋದರಿಕೆಯ ಮದುವೆ ಬಗ್ಗೆಯೂ ಕೇಳಿಸಿ ಎಂದು ಗೆಳೆಯ, ಸಂಸದ ಜಾನ್ ಲಬಕ್‌ಗೆ ಹೇಳಿದರು. ಸಂಸತ್ತು ಬೇಡ ಎಂದಿತು. ಆ ಕಾಲಂ ಇದ್ದಿದ್ದರೆ, ಒಂದೇ ಗೆರೆಯಲ್ಲಿ ಗಂಡನಿಗೂ ಹೆಂಡತಿಗೂ ಅಜ್ಜ ಒಬ್ಬನೇ ಅಂತ ಗೊತ್ತಾಗಿಬಿಡುತ್ತಿತ್ತು, ಅಲ್ವಾ?