ಪರ್ಲ್‌ನಲ್ಲಿ ವೆಬ್ ಪುಟ ಕಟ್ಟೋಕೆ ಯಾವುದು ಒಳ್ಳೇದು?

ಪ್ರಶ್ನೆ: ಗಂಗಾವತಿಯ ರೈಸ್ ಮಿಲ್ಲೊಂದರ ಕಂಪ್ಯೂಟರ್ ಕೆಲಸ ನನ್ನದು. ದಿನದ ಆವಕ, ಚೀಲ, ದರ ತೋರಿಸುವ ಹಳೇ ಸ್ಕ್ರಿಪ್ಟ್ ಇದೆ, ಪರ್ಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯದು. ಪುಟದ ಎಚ್‌ಟಿಎಮ್‌ಎಲ್ (ಟ್ಯಾಗ್‌ಗಳಲ್ಲಿ ಬರೆದ ಪುಟದ ರೂಪ) ಎಲ್ಲಾ ಪ್ರಿಂಟ್ ಸಾಲುಗಳಲ್ಲೇ ತುಂಬಿದೆ. ಒಂದು ಕಾಲಂ ಸೇರಿಸೋಕೂ ತಲೆ ಕೆಡುತ್ತೆ. ಏನು ಬಳಸಲಿ ಸರ್?

ಉತ್ತರ: ಸಿಜಿಐ ಅನ್ನೋ ಹಳೇ ಪರ್ಲ್ ವೆಬ್ ಮಾಡ್ಯೂಲಿನ (ಸಿದ್ಧ ಕೋಡ್) ಟ್ಯಾಗ್ ಬರೆಯುವ ಫಂಕ್ಷನ್‌ಗಳ ಕಡೆ ಹೋಗಬೇಡಿ. 2015ರ ಪರ್ಲ್ 5.22ರಿಂದ ಆ ಮಾಡ್ಯೂಲ್ ಪರ್ಲ್ ಜೊತೆ ಬರುವುದೇ ನಿಂತಿದೆ. ಆ ಫಂಕ್ಷನ್‌ಗಳನ್ನು ಬಳಸಬೇಡಿ ಅಂತ ಅದರ ಕೈಪಿಡಿಯೇ ಹೇಳುತ್ತೆ.

ನಿಮ್ಮ ಕೆಲಸಕ್ಕೆ ಎಚ್‌ಟಿಎಮ್‌ಎಲ್::ಟೆಂಪ್ಲೇಟ್ ಅನ್ನೋ ಮಾಡ್ಯೂಲ್ ಸಾಕು. ಪುಟ ಬೇರೆ ಫೈಲಿನಲ್ಲಿರುತ್ತೆ. ಅದರಲ್ಲಿ ಬರೆಯಲು ಸಿಗುವುದು ಹೆಸರು (ಅದರ ಜಾಗದಲ್ಲಿ ಮಾಹಿತಿ ಬರುತ್ತೆ), ಲೂಪ್ (ಪಟ್ಟಿ ಮುಗಿಯೋವರೆಗೆ ಮತ್ತೆ ಮತ್ತೆ ಬರೆಯೋದು), ಇಫ್ (ಷರತ್ತು), ಇನ್ನೊಂದು ಫೈಲ್ ಸೇರಿಸುವುದು, ಅಷ್ಟೇ. ಪಾರ್ಟಿ, ಚೀಲ, ದರ ಇರುವ ಹ್ಯಾಶ್‌ಗಳ (ಹೆಸರು ಹಚ್ಚಿದ ಮಾಹಿತಿಯ ಗುಂಪು) ಪಟ್ಟಿಯನ್ನು ಸ್ಕ್ರಿಪ್ಟ್ ಕೊಡುತ್ತೆ, ಪುಟದ ಲೂಪ್ ಒಂದೊಂದು ಹ್ಯಾಶ್‌ಗೆ ಒಂದು ಸಾಲು ಬರೆಯುತ್ತೆ. ಪರ್ಲ್ ಗೊತ್ತಿಲ್ಲದ ಹುಡುಗನೂ ಕಾಲಂ ಹಿಂದೆಮುಂದೆ ಮಾಡಬಹುದು.

ನಾನು ಇದನ್ನೇ ಹೇಳೋಕೆ ಮುಖ್ಯ ಕಾರಣ ಎಸ್ಕೇಪ್, ಅಂದರೆ ಟೈಪ್ ಮಾಡಿದ ಚಿಹ್ನೆಗಳನ್ನು ಬ್ರೌಸರ್ ಟ್ಯಾಗ್ ಅಂತ ತಿಳಿಯದೆ ಬರೀ ಅಕ್ಷರವಾಗಿ ತೋರಿಸುವಂತೆ ಬದಲಿಸುವುದು. ತಳಿಯ ಹೆಸರನ್ನು ಯಾರೋ ಸೋನಾ "ಹೊಸದು" ಅಂತ ಟೈಪ್ ಮಾಡಿದ್ದಾರೆ ಅಂದುಕೊಳ್ಳಿ. ಎಸ್ಕೇಪ್ ಆಗದಿದ್ದರೆ, ತಿದ್ದುವ ಫಾರಂ ತೆರೆದಾಗ ಉದ್ಧರಣ ಚಿಹ್ನೆ ಬಂದಲ್ಲೇ ಬಾಕ್ಸಿನ ವ್ಯಾಲ್ಯೂ ಮುಗಿದುಹೋಗುತ್ತೆ. ಬಾಕ್ಸಿನಲ್ಲಿ 'ಸೋನಾ' ಮಾತ್ರ ಕಾಣುತ್ತೆ. ಹಾಗೇ ಸೇವ್ ಮಾಡಿದಿರೋ, ಉಳಿದದ್ದು ಡೇಟಾಬೇಸಿನಿಂದಲೂ ಹೋಯಿತು! ಯಾರಾದರೂ ಬೇಕಂತಲೇ ಸ್ಕ್ರಿಪ್ಟ್ ಟ್ಯಾಗ್ (ಬ್ರೌಸರ್ ನಡೆಸುವ ಕೋಡ್) ತುರುಕಿದರೆ ಇನ್ನೂ ಅಪಾಯ. ಈ ಮಾಡ್ಯೂಲಿನಲ್ಲಿ ಡಿಫಾಲ್ಟ್ ಎಸ್ಕೇಪ್ ಅನ್ನೋ ಆಯ್ಕೆ ಇದೆ. ಅದಕ್ಕೆ ಎಚ್‌ಟಿಎಮ್‌ಎಲ್ ಅಂತ ಒಂದೇ ಕಡೆ ಕೊಟ್ಟರೆ ಎಲ್ಲ ಹೆಸರಿಗೂ ಅನ್ವಯ. ಕೊಡದಿದ್ದರೆ ಎಸ್ಕೇಪ್ ಆಗಲ್ಲ, ಮರೀಬೇಡಿ.

ಟೆಂಪ್ಲೇಟ್ ಟೂಲ್‌ಕಿಟ್ ಅನ್ನೋ ಇನ್ನೊಂದು ಮಾಡ್ಯೂಲಿನ ಶಕ್ತಿ ಜಾಸ್ತಿ, ನಿಜ. ಆದರೆ ಅಲ್ಲಿ ಸಾಮಾನ್ಯವಾಗಿ ಪ್ರತಿ ಹೆಸರಿಗೂ ಎಸ್ಕೇಪ್ ಮಾಡುವ ಎಚ್‌ಟಿಎಮ್‌ಎಲ್ ಫಿಲ್ಟರ್ ಹಾಕಬೇಕು. ಸೀಸನ್ನಿನ ಗಡಿಬಿಡಿಯಲ್ಲಿ ಒಂದಾದರೂ ತಪ್ಪಿಹೋಗುತ್ತೆ, ಅಲ್ವಾ? ಎಲ್ಲಾ ಹೊಸದಾಗಿ ಬರೆಯೋದಾದರೆ ಮಾತ್ರ ಮೋಜೊಲಿಷಸ್ ಅನ್ನೋ ಪರ್ಲ್ ವೆಬ್ ಫ್ರೇಮ್‌ವರ್ಕ್ ನೋಡಿ. ಅದರ ಟೆಂಪ್ಲೇಟುಗಳು ತಾವಾಗೇ ಎಸ್ಕೇಪ್ ಮಾಡುತ್ತವೆ.

ಕನ್ನಡ ಅಕ್ಷರಕ್ಕೆ ಮೂರು ಕಡೆ ಗಮನ ಇರಲಿ. ಟೆಂಪ್ಲೇಟಿಗೆ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಆಯ್ಕೆ ಕೊಡಿ. ಡೇಟಾಬೇಸಿನಿಂದ ಬಂದದ್ದು ಡಿಕೋಡ್ ಆಗಿರಬೇಕು, ಅಂದರೆ ಬೈಟ್‌ಗಳಿಂದ ಅಕ್ಷರಗಳಾಗಿರಬೇಕು. ಔಟ್‌ಪುಟ್ಟಿಗೆ ಪರ್ಲ್‌ನ ಬಿನ್‌ಮೋಡ್ ಫಂಕ್ಷನ್‌ನಲ್ಲಿ ಯುಟಿಎಫ್-8 ಹೇಳಿ. ಒಂದು ತಪ್ಪಿದರೂ ರೈತರ ಹೆಸರೆಲ್ಲ ಗಿಜಿಬಿಜಿ ಆಗಬಹುದು.

ಸುಗ್ಗಿ ಮುಗಿದು ಆವಕ ಕಡಿಮೆ ಇದ್ದಾಗ ಮೊದಲು ದರದ ಪುಟ ಒಂದನ್ನೇ ಬದಲಿಸಿ. ಉಳಿದವು ಹಳೇ ರೀತಿಯಲ್ಲೇ ನಡೆಯಲಿ, ಎರಡೂ ಒಂದೇ ಸರ್ವರಿನಲ್ಲಿ ಇರಬಹುದು.