ಕಾರ್ಡ್ ಅಳಿಸೋದು ಮೊಬೈಲ್ ರೇಡಿಯೇಷನ್ ಅಲ್ಲ, ಪರ್ಸಿನ ಬಟನ್ನು

ಮೊಬೈಲ್ ರೇಡಿಯೇಷನ್ನಿಗೆ ಎಟಿಎಂ ಕಾರ್ಡ್ ಅಳಿಸಿ ಹೋಗುತ್ತೆ, ಏರ್‌ಪೋರ್ಟ್ ಎಕ್ಸ್‌ರೇಗೆ ಸತ್ತೇ ಹೋಗುತ್ತೆ, ಅದಕ್ಕೆ ಫಾಯಿಲ್‌ನಲ್ಲಿ ಸುತ್ತಿಡಿ ಅಂತ ಫಾರ್ವರ್ಡ್ ಮಾಡೋರು ಈಗಲೂ ಇದಾರೆ. ಕಾರ್ಡ್ ಹಿಂದೆ ಇರೋ, ಸ್ವೈಪ್ ಮಾಡೋ ಮ್ಯಾಗ್ನೆಟಿಕ್ ಪಟ್ಟಿಯಲ್ಲಿ ಬರೆದಿದ್ದನ್ನ ಎಕ್ಸ್‌ರೇ ಏನೂ ಮಾಡಲ್ಲ, ಮೊಬೈಲ್ ಸಿಗ್ನಲ್ಲೂ ಮಾಡಲ್ಲ, ಅಳಿಸೋದು ಆಯಸ್ಕಾಂತ. ಅಲ್ಯೂಮಿನಿಯಂ ಫಾಯಿಲ್ಲೋ, ಆಯಸ್ಕಾಂತವನ್ನ ತಡೆಯೋದೇ ಇಲ್ಲ, ಚಪಾತಿ ಸುತ್ತೋಕೆ ಇಟ್ಕೊಳ್ಳಿ.

1980ರ ದಶಕದಲ್ಲಿ ಅಮೆರಿಕದಲ್ಲೂ ಇಂಥದ್ದೇ ಗುಲ್ಲು. ಈಲ್ ಮೀನಿನ ಚರ್ಮದ ಪರ್ಸ್‌ನಲ್ಲಿಟ್ಟ ಕಾರ್ಡ್ ಅಳಿಸುತ್ತೆ, ಯಾಕಂದ್ರೆ ಅದು ಕರೆಂಟ್ ಹೊಡೆಯೋ ಮೀನು ಅಂತ! ಆ ಚರ್ಮ ಹ್ಯಾಗ್‌ಫಿಶ್ ಅನ್ನೋ ಬೇರೆ ಜೀವಿದು, ಅದಕ್ಕೂ ಕರೆಂಟಿಗೂ ಸಂಬಂಧ ಇಲ್ಲ. ಅನುಮಾನ ಪಡಬೇಕಾಗಿದ್ದು ಪರ್ಸ್ ಮುಚ್ಚೋ ಮ್ಯಾಗ್ನೆಟ್ ಬಟನ್ ಮೇಲೆ.

ಅವಧಿ ಮುಗಿದ ಕಾರ್ಡ್ ಒಂದಿದ್ರೆ ಅದರ ಪಟ್ಟಿ ಮೇಲೆ ನುಣ್ಣನೆ ಕಬ್ಬಿಣದ ಪುಡಿ ಉದುರಿಸಿ ಮೆಲ್ಲಗೆ ತಟ್ಟಿ ನೋಡಿ, ಸಣ್ಣ ಸಣ್ಣ ಅಡ್ಡಗೆರೆ ಎದ್ದು ಕಾಣುತ್ತೆ, ಅದೇ ನಿಮ್ಮ ಡೇಟಾ. ಪಟ್ಟಿಯಲ್ಲಿ ಬರೆಯೋಕೆ ಮೂರು ಸಾಲಿಗೆ ಜಾಗ, ನಡುವಿನ ಸಾಲಲ್ಲಿ ಇಂಚಿಗೆ 75 ಬಿಟ್, ಅಂದ್ರೆ ಮಿಲಿಮೀಟರಿಗೆ ಮೂರು. ಒಳಗಿನ ಕಣಗಳು ಒಂದೊಂದೂ ಪುಟಾಣಿ ಆಯಸ್ಕಾಂತ, ಇವು ಹಠಮಾರಿ ಮಕ್ಕಳಿದ್ದಂಗೆ, ಒಂದು ಕಡೆ ಮುಖ ಮಾಡಿ ನಿಂತ್ರೆ ಸಾಕಷ್ಟು ಬಲ ಹಾಕೋವರೆಗೂ ತಿರುಗಲ್ಲ. ಈ ಹಠಕ್ಕೆ ಕೋಯರ್ಸಿವಿಟಿ ಅಂತಾರೆ, ಇಡೀ ಕಥೆ ಇರೋದೇ ಇದರಲ್ಲಿ. ಇದನ್ನ ಅಳೆಯೋದು ಓರ್ಸ್ಟೆಡ್ ಅನ್ನೋ ಮಾನದಲ್ಲಿ, ಕಂದು ಬಣ್ಣದ ಹಳೇ ಪಟ್ಟಿಗೆ ಸುಮಾರು 300 ಓರ್ಸ್ಟೆಡ್, ಬ್ಯಾಂಕ್ ಕಾರ್ಡಿನ ಕರಿ ಪಟ್ಟಿಗೆ 2750ರಿಂದ 4000. ಫ್ರಿಜ್‌ಗೆ ಅಂಟಿಸೋ ಮಾಮೂಲಿ ಮ್ಯಾಗ್ನೆಟ್ ಬಿಲ್ಲೆಯ ಬಲ ಇದೇ ಅಳತೆಯಲ್ಲಿ ಸಾಮಾನ್ಯವಾಗಿ 100ರ ಆಸುಪಾಸು, ಅದರಿಂದ ಕರಿ ಪಟ್ಟಿಗೆ ಏನೂ ಆಗಲ್ಲ. ನಿಯೋಡೈಮಿಯಂ ಅನ್ನೋ ಲೋಹದ ಜಬರ್ದಸ್ತ್ ಮ್ಯಾಗ್ನೆಟ್ ಮಾತ್ರ ಪಟ್ಟಿಗೆ ತಾಗಿದ್ರೆ ಅದರ ಬಲ ಸಾವಿರಗಟ್ಟಲೆ, ಪರ್ಸಿನ ಬಟನ್ನಲ್ಲಿ, ಫೋನ್ ಕವರಲ್ಲಿ ಈಗ ಬರೋದು ಹೆಚ್ಚಾಗಿ ಅದೇ.

ಹೋಟೆಲ್ ರೂಮಿನ ಸ್ವೈಪ್ ಕಾರ್ಡ್ ಮಾತೆತ್ತಿದ್ರೆ ಕೈ ಕೊಡೋದು ಇದಕ್ಕೇ, ಪ್ರತಿ ಗಿರಾಕಿಗೂ ಹೊಸದಾಗಿ ಬರೀಬೇಕಲ್ಲ, ಸುಲಭವಾಗಿ ಬರೆಯೋಕಾಗೋ ಪಟ್ಟಿನೇ ಹಾಕ್ತಾರೆ, ಸುಲಭವಾಗಿ ಬರೆಯೋಕಾದ್ರೆ ಸುಲಭವಾಗಿ ಅಳಿಸೂ ಹೋಗುತ್ತೆ. ಉಪಾಯ ದೊಡ್ಡದೇನಲ್ಲ, ಮ್ಯಾಗ್ನೆಟ್ಟಿಂದ ನಾಕು ಬೆರಳು ದೂರ ಇಡಿ, ಅಷ್ಟರಲ್ಲೇ ಅದರ ಬಲ ಪಾತಾಳಕ್ಕಿಳಿದಿರುತ್ತೆ.

ಬಿಸಿಲಿಗೂ ಹೆದರಬೇಡಿ. ಈ ಪಟ್ಟಿ ಹುಟ್ಟಿದ್ದೇ ಇಸ್ತ್ರಿಪೆಟ್ಟಿಗೆ ಕೆಳಗೆ! 1960ರ ದಶಕದಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂನ ಇಂಜಿನಿಯರ್ ಫಾರೆಸ್ಟ್ ಪ್ಯಾರಿ ಪ್ಲಾಸ್ಟಿಕ್ ಕಾರ್ಡಿಗೆ ಮ್ಯಾಗ್ನೆಟಿಕ್ ಟೇಪ್ ಅಂಟಿಸೋಕೆ ಹೋದ್ರೆ ಯಾವ ಗೋಂದು ಹಚ್ಚಿದ್ರೂ ಸರಿಬರ್ತಿರಲಿಲ್ಲ, ಬಟ್ಟೆ ಇಸ್ತ್ರಿ ಮಾಡ್ತಿದ್ದ ಹೆಂಡತಿ ಡೊರೊಥಿಯಾ ಕೊಡಿಲ್ಲಿ ಅಂತ ಒತ್ತಿದ್ರು, ಅಂಟ್ಕೊಂಡ್ತು. ಕಾರಲ್ಲಿ ಬಿಟ್ರೆ ಪ್ಲಾಸ್ಟಿಕ್ ಸೊಟ್ಟಗಾಗಬಹುದು, ಬರೆದಿದ್ದು ಅಳಿಸಲ್ಲ.

ಚಿಪ್‌ಗಂತೂ ಈ ಮ್ಯಾಗ್ನೆಟ್ ಕಾಟವೇ ಇಲ್ಲ. ಆದ್ರೆ ಪಟ್ಟಿ ಇರೋ ಕಾರ್ಡನ್ನ ಚಿಲ್ಲರೆ, ಬೀಗದ ಕೈ ಜೊತೆ ಜೇಬಲ್ಲಿ ತುರುಕ್ಬೇಡಿ. ಅಳಿಸಿಹೋದ ರೂಮ್ ಕಾರ್ಡನ್ನ ರಿಸೆಪ್ಷನ್‌ನಲ್ಲಿ ಮತ್ತೆ ಬರೆದು ಕೊಡ್ತಾರೆ, ಆಳವಾಗಿ ಗೀರು ಬಿದ್ದಿದ್ದನ್ನ ಎಷ್ಟು ಸಲ ಬರೆದ್ರೂ ಮಷಿನ್ ಓದಲ್ಲ.