ಹೆಸರು ಮುಚ್ಚಿಟ್ಟ ಕೋಣೆಯ ಬೆಲೆ

ಹೋಟೆಲುಗಳ ದರ ನಿಗದಿ ವಿಭಾಗದಲ್ಲಿ ನಾನು ಹಲವು ವರ್ಷ ದುಡಿದಿರುವುದರಿಂದ, ಅಮೆರಿಕದ ಪ್ರಯಾಣಕ್ಕೆ ಸಿದ್ಧರಾಗುತ್ತಿರುವ ಪರಿಚಿತರು ಬಹುತೇಕ ಒಂದೇ ಪ್ರಶ್ನೆಯನ್ನು ತರುತ್ತಾರೆ. ಹೋಟೆಲಿನ ಹೆಸರನ್ನೇ ಹೇಳದೆ, ‘ನಾಲ್ಕು ಸ್ಟಾರ್, ಶೇ. 40ರಷ್ಟು ಕಡಿಮೆ’ ಎಂದಷ್ಟೇ ತೋರಿಸಿ ಪೂರ್ತಿ ಹಣವನ್ನು ಮೊದಲೇ ಕೇಳುವ ಜಾಲತಾಣಗಳನ್ನು ನಂಬಬಹುದೇ ಎಂಬುದು ಆ ಪ್ರಶ್ನೆ. ನಂಬಬಹುದು ಎಂದೇ ನಾನು ಹೇಳುತ್ತೇನೆ. ಆದರೆ ಆ ರಿಯಾಯಿತಿ ಎಲ್ಲಿಂದ ಹುಟ್ಟುತ್ತದೆ, ಅದಕ್ಕೆ ಪ್ರತಿಯಾಗಿ ನಾವು ಏನನ್ನು ಬಿಟ್ಟುಕೊಡುತ್ತೇವೆ ಎಂಬುದನ್ನು ತಿಳಿದುಕೊಂಡ ಮೇಲೆ ಮಾತ್ರ ಕಾರ್ಡಿನ ಸಂಖ್ಯೆಯನ್ನು ಕೊಡಬೇಕು.

ಬಟ್ಟೆ ಅಂಗಡಿಯಲ್ಲಿ ಇಂದು ಬಿಕರಿಯಾಗದ ಬಟ್ಟೆ ನಾಳೆ ಬಿಕರಿಯಾದೀತು. ಹೋಟೆಲಿನವರು ಮಾರುವುದು ಕೋಣೆಯನ್ನಲ್ಲ, ಕೋಣೆಯ ಒಂದು ರಾತ್ರಿಯನ್ನು. ಆ ರಾತ್ರಿ ಕಳೆದರೆ ಅದನ್ನು ಮತ್ತೆ ಯಾರಿಗೂ ಮಾರಲಾಗದು. ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ನೂರು ಕೋಣೆಗಳ ಹೋಟೆಲೊಂದರಲ್ಲಿ 70 ಕೋಣೆಗಳು 150 ಡಾಲರ್ ದರದಲ್ಲಿ ಹೋಗುವುದು ಖಚಿತವಾಗಿದ್ದು, 30 ಕೋಣೆಗಳು ಖಾಲಿ ಉಳಿಯುವ ಸೂಚನೆಯಿದೆ ಎಂದುಕೊಳ್ಳಿ. ಸ್ವಚ್ಛತೆ, ಬಟ್ಟೆ ಒಗೆತ, ವಿದ್ಯುತ್ತು ಎಲ್ಲ ಸೇರಿ ಒಂದು ಕೋಣೆಗೆ 35 ಡಾಲರ್ ಖರ್ಚಾಗುವುದಾದರೆ, 80 ಡಾಲರಿಗೆ ಮಾರಿದರೂ ಪ್ರತಿ ಕೋಣೆಗೆ 45 ಡಾಲರ್ ಉಳಿಯುತ್ತದೆ. ಮೂವತ್ತೂ ಮಾರಾಟವಾದರೆ 1,350 ಡಾಲರ್ ಕೈಸೇರುತ್ತದೆ. ಆದರೆ ಈ 80 ಡಾಲರಿನ ದರವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರೆ, 150 ಕೊಡಲು ಸಿದ್ಧರಿದ್ದ ಎಪ್ಪತ್ತು ಮಂದಿಯೂ ಹಳೆಯ ಬುಕಿಂಗ್ ರದ್ದುಮಾಡಿ ಅದನ್ನೇ ಹಿಡಿಯುತ್ತಾರೆ, ಹೋಟೆಲಿಗೆ 4,900 ಡಾಲರ್ ನಷ್ಟವಾಗುತ್ತದೆ. ಹಾಗಾಗಿ, ದರವನ್ನು ಇಳಿಸಬೇಕು, ಇಳಿಸಿದ್ದು ಹೆಚ್ಚು ಕೊಡುವವರಿಗೆ ಗೊತ್ತಾಗಬಾರದು. ಹೆಸರನ್ನು ಮುಚ್ಚಿಡುವ ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ಇಕ್ಕಟ್ಟಿನ ಮೇಲೆ. ಹೋಟೆಲಿನ ಹೆಸರು, ಹಾಸಿಗೆಯ ಬಗೆ, ರದ್ದುಮಾಡುವ ಹಕ್ಕು ಇವೆಲ್ಲ ಮುಖ್ಯವೆನ್ನುವವರು ಪೂರ್ತಿ ದರ ಕೊಡುತ್ತಾರೆ. ಇವನ್ನು ಬಿಟ್ಟುಕೊಡಬಲ್ಲವರು ಮಾತ್ರ ಕಡಿಮೆ ದರದ ಬಾಗಿಲಿನಿಂದ ಒಳಗೆ ಬರುತ್ತಾರೆ. ಕೋಣೆ ಕಳಪೆಯೆಂದು ದರ ಕಡಿಮೆಯಾಗಿರುವುದಿಲ್ಲ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಈ ಬಾಗಿಲನ್ನು ಅಂತರ್ಜಾಲದಲ್ಲಿ ಮೊದಲು ದೊಡ್ಡದಾಗಿ ತೆರೆದದ್ದು ಪ್ರೈಸ್‌ಲೈನ್. 1998ರಲ್ಲಿ ವಿಮಾನ ಟಿಕೆಟ್‌ಗಳೊಂದಿಗೆ ಆರಂಭವಾದ ಈ ತಾಣ ಬೇಗನೆ ಹೋಟೆಲ್ ಕೋಣೆಗಳಿಗೂ ಕೈಹಾಕಿತು. ಸಾಮಾನ್ಯ ಹರಾಜಿನಲ್ಲಿ ಒಂದು ವಸ್ತುವಿಗೆ ಹಲವರು ಬೆಲೆ ಕೂಗಿದರೆ, ಇಲ್ಲಿ ಒಬ್ಬ ಗ್ರಾಹಕ ಕೂಗಿದ ಬೆಲೆಯ ಎದುರು ಹಲವು ಹೋಟೆಲುಗಳು ನಿಲ್ಲುತ್ತಿದ್ದವು. ಈ ತಿರುವುಮುರುವು ಹರಾಜಿನ ವಿಧಾನಕ್ಕೆ 1998ರ ಆಗಸ್ಟ್‌ನಲ್ಲಿ ಅಮೆರಿಕದ ಪೇಟೆಂಟ್ ಕೂಡ ದೊರೆಯಿತು. ಗ್ರಾಹಕರು ಊರು, ದಿನಾಂಕ, ಊರಿನೊಳಗಿನ ವಲಯ ಮತ್ತು ಸ್ಟಾರ್ ದರ್ಜೆಯನ್ನು ಆರಿಸಿ, ತಾವು ಕೊಡಬಲ್ಲ ಬೆಲೆಯನ್ನು ನಮೂದಿಸಿ, ಕಾರ್ಡಿನ ವಿವರ ಕೊಡಬೇಕಿತ್ತು. ಬೆಲೆ ಒಪ್ಪಿಗೆಯಾದ ಕ್ಷಣವೇ ಹಣ ಕಡಿತವಾಗುತ್ತಿತ್ತು, ಹೋಟೆಲಿನ ಹೆಸರು ತಿಳಿಯುತ್ತಿದ್ದುದು ಆಮೇಲೆ. ನಿಮ್ಮ ಕೂಗನ್ನು ಹೋಟೆಲಿನಲ್ಲಿ ಯಾರೋ ಕುಳಿತು ಪರಿಶೀಲಿಸುತ್ತಾರೆಂದು ಹಲವರು ಭಾವಿಸಿದ್ದರು. ಹಾಗೇನೂ ಇರಲಿಲ್ಲ. ನಾವು ಹೋಟೆಲಿನವರು ಒಂದು ಗುಪ್ತ ದರವನ್ನು ಮೊದಲೇ ತುಂಬಿಟ್ಟಿರುತ್ತಿದ್ದೆವು. ಕೂಗು ಅದಕ್ಕಿಂತ ಮೇಲಿದ್ದರೆ ಯಂತ್ರವೇ ಒಪ್ಪಿಕೊಳ್ಳುತ್ತಿತ್ತು, ನಡುವಿನ ವ್ಯತ್ಯಾಸ ಮಧ್ಯವರ್ತಿಗೆ ಉಳಿಯುತ್ತಿತ್ತು. ಆದ್ದರಿಂದ ಕಣ್ಣು ಮುಚ್ಚಿ ಕೂಗುವ ಈ ಆಟದಲ್ಲಿ ಅಗತ್ಯಕ್ಕಿಂತ ಹತ್ತು ಡಾಲರ್ ಹೆಚ್ಚು ಕೂಗಿದವರಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ.

ಆ ಕಾರಣಕ್ಕಾಗಿಯೇ ಅನುಭವಸ್ಥರು ಕೆಳಗಿನಿಂದ ಕೂಗುತ್ತ ಮೇಲೇರುವ ವಿಧಾನವನ್ನು ಕಂಡುಕೊಂಡರು. ತಿರಸ್ಕೃತವಾದ ಕೂಗನ್ನು ಅದೇ ವಿವರಗಳೊಂದಿಗೆ ಮತ್ತೆ ಕೂಗಲು 24 ಗಂಟೆ ಕಾಯಬೇಕಿತ್ತು, ಆದರೆ ವಲಯವನ್ನೋ ದರ್ಜೆಯನ್ನೋ ಬದಲಿಸಿದರೆ ಕೂಡಲೇ ಕೂಗಬಹುದಿತ್ತು. ನಿಮಗೆ ಊರಿನ ನಡುಭಾಗದಲ್ಲಿ ನಾಲ್ಕು ಸ್ಟಾರ್ ಹೋಟೆಲೇ ಬೇಕೆನ್ನಿ. ವಿಮಾನ ನಿಲ್ದಾಣದ ವಲಯದಲ್ಲಿ ಮೂರು ಸ್ಟಾರಿಗಿಂತ ಮೇಲಿನ ಹೋಟೆಲು ಇಲ್ಲವೇ ಇಲ್ಲ ಎಂಬುದು ತಿಳಿದಿದ್ದರೆ, ಆ ವಲಯವನ್ನು ನಿಮ್ಮ ಆಯ್ಕೆಗೆ ಸೇರಿಸಿಕೊಂಡರೂ ಅಲ್ಲಿಗೆ ಹೋಗಿ ಬೀಳುವ ಭಯವಿಲ್ಲ, ಹೊಸದಾಗಿ ಕೂಗುವ ಅವಕಾಶವಂತೂ ಸಿಗುತ್ತದೆ. ಇಂಥ ಎರಡು ಮೂರು ವಲಯಗಳಿದ್ದರೆ ಅರವತ್ತರಿಂದ ಆರಂಭಿಸಿ ಅರವತ್ತೈದು, ಎಪ್ಪತ್ತು ಎಂದು ಮೆಟ್ಟಿಲು ಹತ್ತಬಹುದಿತ್ತು. ಯಾವ ವಲಯದಲ್ಲಿ ಯಾವ ದರ್ಜೆಯ ಹೋಟೆಲುಗಳಿವೆ, ಕಳೆದ ವಾರ ಎಷ್ಟಕ್ಕೆ ಒಪ್ಪಿಗೆಯಾಯಿತು ಎಂಬುದನ್ನು ಪ್ರಯಾಣಿಕರು ತಮ್ಮತಮ್ಮಲ್ಲೇ ಹಂಚಿಕೊಳ್ಳತೊಡಗಿದ ಮೇಲೆ, ನಾವು ಗುಪ್ತವೆಂದುಕೊಂಡಿದ್ದ ದರಗಳು ಅಷ್ಟೇನೂ ಗುಪ್ತವಾಗಿ ಉಳಿಯಲಿಲ್ಲ. ಸಾಮಾನ್ಯ ಗ್ರಾಹಕರು ತಮ್ಮ ತಿಳಿವಳಿಕೆಯನ್ನು ಒಟ್ಟುಗೂಡಿಸಿ ಮಾರುಕಟ್ಟೆಯ ಒಳಗುಟ್ಟನ್ನು ಬಿಡಿಸಿದ ಆ ರೀತಿಯ ಬಗ್ಗೆ, ಎದುರು ಪಕ್ಷದಲ್ಲಿದ್ದ ನನಗೂ ಗೌರವವಿದೆ.

2016ರಲ್ಲಿ ಪ್ರೈಸ್‌ಲೈನ್ ವಿಮಾನ ಟಿಕೆಟ್‌ಗಳಿಗೆ ಬೆಲೆ ಕೂಗುವ ವ್ಯವಸ್ಥೆಯನ್ನು ನಿಲ್ಲಿಸಿತು, ಆಮೇಲಿನ ವರ್ಷಗಳಲ್ಲಿ ಉಳಿದ ವಿಭಾಗಗಳೂ ಅದೇ ದಾರಿ ಹಿಡಿದವು. ಈಗ ಉಳಿದಿರುವುದು ಬೆಲೆಯನ್ನು ತೋರಿಸಿ ಹೆಸರನ್ನು ಮಾತ್ರ ಮುಚ್ಚಿಡುವ ಬಗೆ. ಪ್ರೈಸ್‌ಲೈನ್‌ನ ಎಕ್ಸ್‌ಪ್ರೆಸ್ ಡೀಲ್, 2000ದಲ್ಲಿ ಆರಂಭವಾದ ಹಾಟ್‌ವೈರ್ ಎಂಬ ತಾಣದ ಹಾಟ್ ರೇಟ್ ಇವೆರಡೂ ಇದೇ ಜಾತಿಗೆ ಸೇರಿದವು. ಇಲ್ಲಿ ಊಹೆಯ ಕೆಲಸ ಬೆಲೆಯಿಂದ ಹೆಸರಿನ ಕಡೆಗೆ ತಿರುಗಿದೆ. ತಾಣವು ಹೆಸರನ್ನು ಮುಚ್ಚಿಟ್ಟರೂ ಸ್ಟಾರ್ ದರ್ಜೆ, ಅತಿಥಿಗಳು ಕೊಟ್ಟ ಅಂಕ, ವಲಯದ ನಕ್ಷೆ, ಈಜುಕೊಳ, ವ್ಯಾಯಾಮ ಕೊಠಡಿ, ಉಚಿತ ಉಪಾಹಾರ ಮುಂತಾದ ಸೌಲಭ್ಯಗಳನ್ನು ತೋರಿಸಲೇಬೇಕಾಗುತ್ತದೆ. ಅದೇ ತಾಣದ ಹೆಸರುಳ್ಳ ಪಟ್ಟಿಯನ್ನು ಇನ್ನೊಂದು ಕಿಟಕಿಯಲ್ಲಿ ತೆರೆದು, ಅದೇ ದಿನಾಂಕ, ಅದೇ ವಲಯ, ಅದೇ ದರ್ಜೆಯನ್ನು ಆರಿಸಿ, ಸೌಲಭ್ಯಗಳನ್ನು ಒಂದೊಂದಾಗಿ ತಾಳೆ ನೋಡಿ. ವಲಯ ಚಿಕ್ಕದಾಗಿದ್ದರೆ ಹಲವು ಬಾರಿ ಎರಡೋ ಮೂರೋ ಹೋಟೆಲುಗಳಷ್ಟೇ ಉಳಿಯುತ್ತವೆ. ಆ ಮೂರರಲ್ಲಿ ಯಾವುದು ಸಿಕ್ಕರೂ ನನಗೆ ಸರಿ ಎನ್ನುವಂತಿದ್ದರೆ ಮುಂದುವರಿಯಿರಿ. ಮೂರರಲ್ಲಿ ಒಂದು ನಿಮಗೆ ಖಂಡಿತ ಒಗ್ಗದಿದ್ದರೆ, ಅದೇ ಸಿಗುತ್ತದೆಂದು ಭಾವಿಸಿಯೇ ತೀರ್ಮಾನಿಸಿ. ಸ್ಟಾರ್ ದರ್ಜೆಯನ್ನೊಂದೇ ನಂಬಬೇಡಿ ಎಂಬ ಎಚ್ಚರಿಕೆಯನ್ನೂ ಇಲ್ಲಿಯೇ ಸೇರಿಸಬೇಕು. ಅಮೆರಿಕದಲ್ಲಿ ಹೋಟೆಲುಗಳಿಗೆ ಸರ್ಕಾರ ಸ್ಟಾರ್ ಕೊಡುವ ಪದ್ಧತಿಯಿಲ್ಲ. ಪ್ರತಿ ಜಾಲತಾಣ ತನ್ನದೇ ಅಳತೆಗೋಲನ್ನು ಇಟ್ಟುಕೊಂಡಿರುವುದರಿಂದ ಒಂದು ಕಡೆ ಮೂರೂವರೆಯಿರುವ ಹೋಟೆಲು ಇನ್ನೊಂದು ಕಡೆ ನಾಲ್ಕಾಗಿ ಕಾಣಬಹುದು. ಅತಿಥಿಗಳ ಅಂಕ ಮತ್ತು ಆ ಅಂಕ ಎಷ್ಟು ಜನರಿಂದ ಬಂದದ್ದು ಎಂಬುದು ಅದಕ್ಕಿಂತ ಹೆಚ್ಚು ಭರವಸೆಯ ಸೂಚಕ.

ಇನ್ನು ಬೆಲೆಯ ವಿಚಾರ. ಹೆಚ್ಚಿನವರು ಎಡವುವುದು ಇಲ್ಲಿಯೇ, ಏಕೆಂದರೆ ಮೊದಲು ಕಣ್ಣಿಗೆ ಬಿದ್ದ ಅಂಕಿ ಮನಸ್ಸಿನಲ್ಲಿ ಕೂತುಬಿಡುತ್ತದೆ. ಗುಪ್ತ ಕೋಣೆಯ ದರ 92 ಡಾಲರ್ ಎಂದಿರಲಿ. ‘ತೆರಿಗೆ ಮತ್ತು ಶುಲ್ಕ’ ಎಂಬ ಒಂದೇ ಸಾಲಿನಲ್ಲಿ 24 ಸೇರುತ್ತದೆ. ಅದರಲ್ಲಿ ಸರ್ಕಾರಕ್ಕೆ ಹೋಗುವುದೆಷ್ಟು, ತಾಣದ ಸೇವಾ ಶುಲ್ಕವೆಷ್ಟು ಎಂದು ಬಿಡಿಸಿ ಹೇಳಿರುವುದಿಲ್ಲ. ಹೋಟೆಲಿಗೆ ಹೋದ ಮೇಲೆ, ಈಜುಕೊಳದಂಥ ಸೌಲಭ್ಯಗಳ ಹೆಸರಿನಲ್ಲಿ ಎಲ್ಲರಿಂದಲೂ ಪಡೆಯುವ ರೆಸಾರ್ಟ್ ಶುಲ್ಕವೆಂದು ದಿನಕ್ಕೆ 30 ಡಾಲರ್ ಕೇಳಿದರೆ ಒಟ್ಟು 146 ಆಯಿತು. ಪಕ್ಕದ ಹೋಟೆಲು ತನ್ನ ಸ್ವಂತ ತಾಣದಲ್ಲಿ 118 ಡಾಲರಿಗೆ, 14 ಡಾಲರ್ ತೆರಿಗೆಯೊಂದಿಗೆ, ರದ್ದುಮಾಡುವ ಹಕ್ಕನ್ನೂ ಕೊಟ್ಟು, 132ಕ್ಕೆ ಕೋಣೆ ಕೊಡುತ್ತಿದ್ದರೆ ಆ 92 ಅಗ್ಗವಲ್ಲ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ರೂಪಿಸಿದ, 2025ರ ಮೇ 12ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಅಲ್ಪಾವಧಿ ವಸತಿಯ ದರವನ್ನು ತೋರಿಸುವಾಗ ಇಂಥ ಕಡ್ಡಾಯ ಶುಲ್ಕಗಳನ್ನು ಸೇರಿಸಿಯೇ ತೋರಿಸಬೇಕು; ಸರ್ಕಾರಿ ತೆರಿಗೆಗಳನ್ನು ಮಾತ್ರ ಬೇರೆಯಾಗಿ ಇಡಬಹುದು. ಇದು ಬಹುಕಾಲದಿಂದ ಆಗಬೇಕಿದ್ದ ಕೆಲಸ. ಆದರೂ ಹಣ ಕಟ್ಟುವ ಕೊನೆಯ ಪುಟದ ಒಟ್ಟು ಮೊತ್ತವನ್ನು ರಾತ್ರಿಗಳ ಸಂಖ್ಯೆಯಿಂದ ಭಾಗಿಸಿ ನೋಡುವ ಅಭ್ಯಾಸವನ್ನು ಬಿಡಬೇಡಿ, ವಾಹನ ನಿಲುಗಡೆಯ ಶುಲ್ಕವನ್ನು ಅದಕ್ಕೆ ನೀವೇ ಕೂಡಿಸಿಕೊಳ್ಳಿ. ದೊಡ್ಡ ನಗರಗಳ ನಡುಭಾಗದಲ್ಲಿ ಆ ಒಂದು ಶುಲ್ಕವೇ ಇಡೀ ರಿಯಾಯಿತಿಯನ್ನು ನುಂಗಬಲ್ಲದು.

ಒಂದು ರಾತ್ರಿಯ ನೆನಪು ನನ್ನನ್ನು ಈಗಲೂ ಬಿಟ್ಟಿಲ್ಲ. ನಾನಿದ್ದ ಹೋಟೆಲಿಗೆ ಹನ್ನೊಂದು ಗಂಟೆಯ ಸುಮಾರಿಗೆ ದಂಪತಿಗಳು ಇಬ್ಬರು ಮಕ್ಕಳೊಂದಿಗೆ ಬಂದರು. ಹೆಸರು ಮುಚ್ಚಿದ ದರದಲ್ಲಿ ಬುಕ್ ಮಾಡಿದ್ದರು. ಉಳಿದಿದ್ದ ಏಕೈಕ ಕೋಣೆಯಲ್ಲಿ ಒಂದೇ ಹಾಸಿಗೆಯಿತ್ತು, ಹೆಚ್ಚುವರಿ ಮಂಚಗಳೆಲ್ಲ ಬೇರೆ ಕೋಣೆಗಳಿಗೆ ಹೋಗಿದ್ದವು. ಎರಡು ಹಾಸಿಗೆಯ ಕೋಣೆ ಸಿಗುತ್ತದೆಂದು ಅವರು ನಂಬಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಇಂಥ ಬುಕಿಂಗ್‌ಗಳಲ್ಲಿ ಸಾಮಾನ್ಯವಾಗಿ ಖಾತರಿಯಿರುವುದು ಇಬ್ಬರು ಮಲಗುವ ಜಾಗಕ್ಕೆ ಮಾತ್ರ. ಇನ್ನೂ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸಂಜೆ ಕೋಣೆಗಳನ್ನು ಹಂಚುವಾಗ ಹೆಚ್ಚು ದರ ಕೊಟ್ಟವರಿಗೂ ಖಾಯಂ ಸದಸ್ಯರಿಗೂ ಒಳ್ಳೆಯ ಕೋಣೆಗಳನ್ನು ಮೊದಲು ತೆಗೆದಿಡುತ್ತಾರೆ. ಲಿಫ್ಟ್ ಪಕ್ಕದ ಕೋಣೆ, ಗೋಡೆಯತ್ತ ಕಿಟಕಿಯಿರುವ ಕೋಣೆ ಕೊನೆಗೆ ಉಳಿಯುತ್ತವೆ. ಮಕ್ಕಳೊಂದಿಗೆ ಹೋಗುವವರು, ಗಾಲಿಕುರ್ಚಿ ಬಳಸುವವರು, ನೆಲಮಹಡಿಯೇ ಬೇಕಾದ ಹಿರಿಯರು ಹೆಸರು ಮುಚ್ಚಿದ ದರದ ಕಡೆ ನೋಡಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಪ್ರಯಾಣ ಬದಲಾಗುವ ಸಾಧ್ಯತೆಯಿರುವವರಿಗೂ ಅದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಈ ಹಣ ಮರಳಿ ಬರುವುದಿಲ್ಲ. ಹೋಟೆಲ್ ಸಮೂಹಗಳ ಸದಸ್ಯತ್ವದ ಪಾಯಿಂಟುಗಳೂ ಇಂಥ ಬುಕಿಂಗ್‌ಗೆ ಸಾಮಾನ್ಯವಾಗಿ ಸೇರುವುದಿಲ್ಲ.

ಒಬ್ಬರೋ ಇಬ್ಬರೋ ಹೋಗುವವರಿಗೆ, ದಿನವಿಡೀ ಹೊರಗಿದ್ದು ರಾತ್ರಿ ಮಲಗಲಷ್ಟೇ ಕೋಣೆ ಬೇಕಾದವರಿಗೆ ನಾನು ಹೇಳಿಕೊಡುವ ಕ್ರಮ ಬೇರೆ. ಮೊದಲು, ಉಚಿತವಾಗಿ ರದ್ದುಮಾಡಬಹುದಾದ ಸಾಧಾರಣ ದರದ ಕೋಣೆಯೊಂದನ್ನು ಹಿಡಿದಿಟ್ಟುಕೊಳ್ಳಿ. ಬಹಳಷ್ಟು ಹೋಟೆಲುಗಳಲ್ಲಿ ರದ್ದತಿಯ ಗಡುವು ಆಗಮನಕ್ಕೆ 24ರಿಂದ 72 ಗಂಟೆ ಮೊದಲು ಮುಗಿಯುತ್ತದೆ. ಗಡುವು ಹತ್ತಿರವಾದಂತೆ ಬಹಳ ಬುಕಿಂಗ್‌ಗಳು ಕಳಚಿ ಬೀಳುತ್ತವೆ, ನಿಜವಾಗಿ ಎಷ್ಟು ಕೋಣೆ ಉಳಿಯಲಿದೆ ಎಂಬುದು ನಮಗೆ ಸ್ಪಷ್ಟವಾಗುವುದು ಆಗಲೇ, ಗುಪ್ತ ದರವನ್ನು ಇಳಿಸುವುದೂ ಆಗಲೇ. ಗಡುವಿಗೆ ಮುಂಚಿನ ಆ ಕೊನೆಯ ಮೂರು ನಾಲ್ಕು ದಿನಗಳಲ್ಲಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೋಡಿ. ಒಟ್ಟು ಮೊತ್ತದಲ್ಲಿ ಶೇ. 25ರಷ್ಟಾದರೂ ಉಳಿತಾಯ ಕಂಡರೆ ಹೊಸದನ್ನು ಕೊಂಡು, ಹಳೆಯದನ್ನು ಅದೇ ಗಳಿಗೆಯಲ್ಲಿ ರದ್ದುಮಾಡಿ. ಉಳಿತಾಯ ಅದಕ್ಕಿಂತ ಕಡಿಮೆಯಿದ್ದರೆ ಬಿಟ್ಟುಕೊಡುವ ಹಕ್ಕುಗಳಿಗೆ ಅದು ಸಾಟಿಯಲ್ಲ ಎಂಬುದು ನನ್ನ ಲೆಕ್ಕ. ಕಚೇರಿಗಳು ತುಂಬಿದ ವಲಯಗಳಲ್ಲಿ ಶುಕ್ರವಾರದಿಂದ ಭಾನುವಾರದ ರಾತ್ರಿಯವರೆಗೆ, ವಿಹಾರ ತಾಣಗಳಲ್ಲಿ ವಾರದ ನಡುವೆ ಇಂಥ ಅವಕಾಶ ಹೆಚ್ಚು. ಊರಿನಲ್ಲಿ ದೊಡ್ಡ ಸಮ್ಮೇಳನವೋ ಪಂದ್ಯವೋ ಇದ್ದರೆ ಕಾಯಲೇಬಾರದು. ಅಂಥ ದಿನಗಳಲ್ಲಿ ನಾವು ಗುಪ್ತ ದರದ ಬಾಗಿಲನ್ನೇ ಮುಚ್ಚಿಬಿಡುತ್ತೇವೆ.

ಐದಾರು ತಾಣಗಳನ್ನು ಹೋಲಿಸಿದೆವೆಂದು ಸಮಾಧಾನಪಡುವವರು ಒಂದು ಸಂಗತಿಯನ್ನು ಗಮನಿಸಬೇಕು. ಪ್ರೈಸ್‌ಲೈನ್, ಬುಕಿಂಗ್ ಡಾಟ್ ಕಾಮ್, ಅಗೋಡ, ಕಾಯಕ್ ಇವೆಲ್ಲ ಬುಕಿಂಗ್ ಹೋಲ್ಡಿಂಗ್ಸ್ ಎಂಬ ಒಂದೇ ಕಂಪನಿಯವು. ಹಾಟ್‌ವೈರ್, ಹೋಟೆಲ್ಸ್ ಡಾಟ್ ಕಾಮ್, ಆರ್ಬಿಟ್ಸ್, ಟ್ರಾವೆಲಾಸಿಟಿ ಇವೆಲ್ಲ ಎಕ್ಸ್‌ಪೀಡಿಯ ಸಮೂಹದವು. ಒಂದೇ ಮನೆಯ ನಾಲ್ಕು ಬಾಗಿಲು ತಟ್ಟುವುದಕ್ಕಿಂತ ಎರಡು ಮನೆಗಳ ಒಂದೊಂದು ಬಾಗಿಲನ್ನು ತಟ್ಟಿ, ಮೂರನೆಯದಾಗಿ ಹೋಟೆಲಿಗೇ ನೇರವಾಗಿ ಫೋನ್ ಮಾಡುವುದು ಲೇಸು. ಸಮೂಹದ ಕೇಂದ್ರ ಸಂಖ್ಯೆಗಲ್ಲ, ಆ ಹೋಟೆಲಿನ ಸ್ವಾಗತ ಮೇಜಿಗೇ ಮಾಡಬೇಕು. ತಾಣಗಳು ಹೋಟೆಲಿನಿಂದ ಸಾಮಾನ್ಯವಾಗಿ ಶೇ. 15ರಿಂದ 25ರವರೆಗೆ ಕಮಿಷನ್ ಪಡೆಯುವುದರಿಂದ, ನೀವು ಕಂಡ ದರವನ್ನು ವಿನಯವಾಗಿ ಹೇಳಿ ಕೇಳಿದರೆ ಅದನ್ನೇ ಕೊಡಲು ಅಥವಾ ಉಪಾಹಾರವನ್ನು ಸೇರಿಸಲು ಮ್ಯಾನೇಜರ್‌ಗೆ ಸಕಾರಣವಿರುತ್ತದೆ.

ಹೆಸರು ಮುಚ್ಚಿದ ಕೋಣೆಯನ್ನೇ ಕೊಂಡಿರಾದರೆ, ಹೆಸರು ತಿಳಿದ ದಿನವೇ ಆ ಹೋಟೆಲಿಗೆ ಕರೆಮಾಡಿ ಬುಕಿಂಗ್ ಅವರ ದಾಖಲೆಯಲ್ಲಿ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ತಾಣದಿಂದ ಹೋಟೆಲಿಗೆ ವಿವರ ತಲುಪಲು ಕೆಲವೊಮ್ಮೆ ಒಂದಿಷ್ಟು ಹೊತ್ತು ಹಿಡಿಯುತ್ತದೆ. ಎರಡು ಹಾಸಿಗೆಯೋ ಮೇಲಿನ ಮಹಡಿಯೋ ಬೇಕಿದ್ದರೆ ಆಗಲೇ ವಿನಂತಿಸಿ. ನಾವು ಅದನ್ನು ಬರೆದಿಟ್ಟುಕೊಳ್ಳುತ್ತೇವೆ, ಸಾಧ್ಯವಾದರೆ ಕೊಡುತ್ತೇವೆ. ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ಬುಕ್ ಆಗಿದೆಯೇ ನೋಡಿ. ಕೆಲವು ಹೋಟೆಲುಗಳು 21 ವರ್ಷಕ್ಕಿಂತ ಕಿರಿಯರಿಗೆ ಕೋಣೆ ಕೊಡುವುದಿಲ್ಲವಾದ್ದರಿಂದ ವಿದ್ಯಾರ್ಥಿಗಳು ಅದನ್ನೂ ಕೇಳಿಕೊಳ್ಳಬೇಕು. ಚೆಕ್-ಇನ್ ಸಮಯದಲ್ಲಿ ಠೇವಣಿಯಾಗಿ ಕಾರ್ಡಿನಲ್ಲಿ ಒಂದಿಷ್ಟು ಮೊತ್ತವನ್ನು ತಡೆಹಿಡಿಯುತ್ತಾರೆ, ಅಷ್ಟು ಮಿತಿ ಕಾರ್ಡಿನಲ್ಲಿ ಉಳಿದಿರಲಿ. ತಡರಾತ್ರಿ ತಲುಪುವುದಾದರೆ ಆ ಸಂಜೆ ಆರರ ಸುಮಾರಿಗೆ ಮತ್ತೊಮ್ಮೆ ಫೋನ್ ಮಾಡಿ, ತಡವಾದರೂ ಬರುತ್ತೇವೆಂದು ತಿಳಿಸಿ. ಬುಕಿಂಗ್ ಕೋಣೆಗಳ ಸಂಖ್ಯೆಯನ್ನು ಮೀರಿದ ರಾತ್ರಿ ಯಾರನ್ನು ಬೇರೆ ಹೋಟೆಲಿಗೆ ಕಳುಹಿಸಬೇಕೆಂದು ಪಟ್ಟಿ ನೋಡುವಾಗ, ಫೋನ್ ಮಾಡಿದವರ ಹೆಸರಿನ ಮುಂದೆ ಒಂದು ಗುರುತು ಇರುತ್ತದೆ, ಆ ಹೆಸರನ್ನು ದಾಟಿ ನಾವು ಮುಂದಿನದಕ್ಕೆ ಹೋಗುತ್ತೇವೆ.